ಪರದೆಯ ಮೇಲಿನ ವಧು

ಜಾಹೀರಾತಿನವರಿಗೆ ಸತ್ತವರು, ಬದುಕಿದವರು ಎಂಬ ಭೇದವಿಲ್ಲ. ಅದು ನನಗೆ ಗೊತ್ತಾದದ್ದು ಎರಡು ಸಾವಿರದ ಐದರಲ್ಲಿ, ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗಿದ್ದ ನನ್ನ ಸೈಬರ್ ಕೆಫೆಯಲ್ಲಿ. ತಂಗಿ ಅಮೃತಾ ಜ್ವರ ಬಂದು ತೀರಿಕೊಂಡು ಆರೇಳು ತಿಂಗಳಾಗಿತ್ತು. ಪರೀಕ್ಷೆಯ ಫಲಿತಾಂಶ ನೋಡಲು ಬಂದಿದ್ದ ಹುಡುಗಿಯೊಬ್ಬಳು, "ಕೊಟ್ರಸ್ವಾಮಣ್ಣ, ಇದೇನೋ ತಾನಾ ಬಂತು ನೋಡ್ರಿ" ಎಂದು ಕರೆದಳು. ಫಲಿತಾಂಶದ ಪುಟದ ಮೇಲೆ ಒಂದು ಚಿಕ್ಕ ಕಿಟಕಿ ತೆರೆದುಕೊಂಡಿತ್ತು. ಅದರೊಳಗೆ ಅಮೃತಾ ನಗುತ್ತಿದ್ದಳು. ಈ ವಧು ನಿಮಗಾಗಿ ಕಾಯುತ್ತಿದ್ದಾಳೆ, ಇಲ್ಲಿ ಒತ್ತಿರಿ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು.

ಅವಳಿಗೆ ಗಂಡು ಹುಡುಕುವಾಗ ವಧೂವರರ ತಾಣವೊಂದಕ್ಕೆ ಆ ಫೋಟೋ ಹಾಕಿದ್ದೆವು. ತೀರಿಕೊಂಡ ಮೇಲೆ ಹೆಸರು ತೆಗೆಸಿಯೂ ಆಗಿತ್ತು. ಕಂಪನಿಗೆ ಫೋನ್ ಮಾಡಿದೆ. ಅತ್ತಲಿಂದ ಒಬ್ಬ ಬಹಳ ಮರ್ಯಾದೆಯಿಂದ, "ಸಾರ್, ನಮ್ಮಲ್ಲಿ ಇನ್ನೂ ಆ್ಯಕ್ಟಿವ್ ಅಂತಾನೇ ತೋರಿಸ್ತಿದೆ. ಫೋಟೋ ಈಗ ಜಾಹೀರಾತು ಏಜೆನ್ಸಿ ಹತ್ರ ಇದೆ, ನಮ್ಮ ಕೈಲಿಲ್ಲ" ಎಂದ.

"ನನ್ನ ತಂಗಿ ಸತ್ತಾಳ್ರಿ" ಎಂದೆ.

"ಬೇಜಾರಾಯ್ತು ಸಾರ್. ಬೇರೆ ಏನಾದರೂ ಸಹಾಯ ಬೇಕಿತ್ತಾ?" ಎಂದು ಕೇಳಿದ. ನಾನು ಫೋನ್ ಕುಕ್ಕಿದೆ.

ನನಗಿದ್ದ ಭಯ ಒಂದೇ, ಇದು ಅವ್ವನ ಕಣ್ಣಿಗೆ ಬೀಳಬಾರದು. ಅವ್ವ ನಾಗಲಿಂಗಮ್ಮ ದಿನಾ ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಅಂಗಡಿಗೆ ಬರುತ್ತಿದ್ದಳು. ಆಗಷ್ಟೇ ಹೊಸ ಬ್ರೌಸರ್ ಒಂದು ಬಂದಿತ್ತು. ಇಂಥ ಕಿಟಕಿಗಳನ್ನು ತಡೆಯುವ ವ್ಯವಸ್ಥೆ ಅದರೊಳಗೇ ಇತ್ತು. ಎಲ್ಲ ಕಂಪ್ಯೂಟರಿಗೂ ಅದನ್ನೇ ಹಾಕಿದೆ. ಅಮೃತಾ ಬರುವುದು ನಿಂತಿತು. ಆದರೆ ಕಿಟಕಿಯೊಂದನ್ನು ತಡೆದಾಗಲೆಲ್ಲ ಪುಟದ ತಲೆಯ ಮೇಲೆ ಹಳದಿ ಪಟ್ಟಿಯೊಂದು ಮೂಡಿ, ತಡೆದಿದ್ದೇನೆ ಎಂದು ವರದಿ ಒಪ್ಪಿಸುತ್ತಿತ್ತು. ಯಾವುದೋ ಸೋಪಿನ ಜಾಹೀರಾತೇ ಇದ್ದೀತು. ನನಗೆ ಮಾತ್ರ ತಂಗಿ ಬಾಗಿಲ ತನಕ ಬಂದು ವಾಪಸ್ ಹೋದಳು ಅನ್ನಿಸುತ್ತಿತ್ತು. ಗಿರಾಕಿಗಳ ಬೆನ್ನ ಹಿಂದೆ ನಿಂತು ಆ ಪಟ್ಟಿಯನ್ನೇ ನೋಡುವ ಚಟ ಹತ್ತಿತು.

ಒಂದು ಭಾನುವಾರ ಚಿಗಟೇರಿಯಿಂದ ಹಾಲಸ್ವಾಮಿ ಎಂಬ ಹಿರಿಯರು ಹೆಂಡತಿ, ಮಗನ ಜೊತೆ ಹಣ್ಣು ಹೂವು ಹಿಡಿದು ನಮ್ಮ ಮನೆಗೆ ಬಂದರು. ಅವ್ವ ಚಾಪೆ ಹಾಸಿ ನೀರು ಕೊಟ್ಟಳು.

"ನಿಮ್ಮ ಹುಡುಗೀನ ನೋಡಾಕ ಬಂದ್ವಿ" ಎಂದರು ಹಾಲಸ್ವಾಮಿ. "ಕಂಪ್ಯೂಟರ್‌ನಾಗ ಮೊನ್ನೆನೂ ನೋಡೀವಿ. ರೊಕ್ಕ ಕಟ್ಟಿದ ಮ್ಯಾಲೆ ಕಂಪನಿಯವ್ರು ಅಡ್ರೆಸ್ ಕೊಟ್ರು."

ಅವ್ವನೇ ಹೇಳಿದಳು, "ನನ್ನ ಮಗಳು ತೀರಿಕೊಂಡು ವರ್ಷಾಗಾಕ ಬಂತ್ರಿ."

ಹಾಲಸ್ವಾಮಿಯವರು ಕೈ ಮುಗಿದು ಎದ್ದುನಿಂತರು. ಅವರ ಹೆಂಡತಿಗೆ ಹೂವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಎಲ್ಲಿ ನೋಡಿದ್ರಿ ಆಕಿನ್ನ?" ಅವ್ವ ಕೇಳಿದಳು.

"ಹರಪನಹಳ್ಳಿಯಾಗ್ರಿ. ಹಡಗಲಿಯಾಗೂ ನಮ್ಮ ಹುಡುಗ ನೋಡ್ಯಾನ."

ಅವರು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಎಲ್ಲಾ ಊರಾಗೂ ಬರ್ತಾಳ. ನಿನ್ನ ಅಂಗಡಿಗೆ ಯಾಕ ಬರಂಗಿಲ್ಲ?"

"ನಾನಾ ತಡದೀನವ್ವ."

"ನಡಿ, ತೆಗಿ ಅದನ್ನ."

ಅಂಗಡಿಯ ಬೀಗ ತೆಗೆದು, ಹಳೆಯ ಬ್ರೌಸರಿನಲ್ಲಿ ಅದೇ ಫಲಿತಾಂಶದ ಪುಟ ತೆರೆದೆ. ಮೊದಲು ಸಾಲ ಕೊಡುವವರ ಕಿಟಕಿ ಬಂತು, ಆಮೇಲೆ ಜೂಜಿನವರದು. ಮುಚ್ಚಿ ಮತ್ತೆ ತೆರೆದೆ. ಬಾರದಿರಲಿ ಎಂದೂ ಅನ್ನಿಸುತ್ತಿತ್ತು, ಬರಲಿ ಎಂದೂ ಅನ್ನಿಸುತ್ತಿತ್ತು. ಕೊನೆಗೆ ಬಂದಳು.

ಅವ್ವ ಅಳಲಿಲ್ಲ. ಸೆರಗಿನಿಂದ ಪರದೆಯ ಧೂಳು ಒರೆಸಿದಳು. "ಮನ್ಯಾಗಿನ ಫೋಟೋಕ್ಕ ಹಾರ ಹಾಕೀವಿ. ಇಲ್ಲಿ ಹಾಕಿಲ್ಲ ನೋಡು" ಎಂದಳು. ಫೋಟೋದ ಕೆಳಗಿನ ಬರಹಕ್ಕೆ ಬೆರಳು ಮಾಡಿ, "ಇದನ್ನ ಒತ್ತಿದ್ರ ಏನಾಕೈತಿ?" ಎಂದು ಕೇಳಿದಳು.

"ಒತ್ತಬ್ಯಾಡವ್ವ. ಒತ್ತಿದಾಗೆಲ್ಲ ಅವರಿಗೆ ರೊಕ್ಕ ಬರ್ತೈತಿ. ಜನ ಒತ್ತದಿದ್ರ ಆ ಫೋಟೋ ತೆಗೆದುಬಿಡ್ತಾರ. ಒತ್ತಿಕೋಂತ ಇದ್ರ ಹಂಗಾ ಇಟ್ಕಂತಾರ."

ಅವ್ವ ಮಗಳ ಮುಖವನ್ನೇ ನೋಡುತ್ತ ಕುಳಿತಳು.

"ಹಂಗಾರ ಹೆಂಗ ಒತ್ತಬೇಕು, ನಂಗ ತೋರ್ಸು" ಎಂದಳು.

ಅವಳ ಕೈಯನ್ನು ಮೌಸಿನ ಮೇಲಿಟ್ಟು, ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ.