ತಣ್ಣಗಾದ ರಕ್ತ

"ಅಕ್ಕಾ, ಕಿಟಕಿ ಮೇಲಿಟ್ಟಿದ್ದ ರಕ್ತದ ಟ್ಯೂಬುಗಳೆಲ್ಲಿ?"

ಕೈ ತೊಳೆದುಕೊಂಡು ಬಂದ ದನದ ಡಾಕ್ಟರು ಖಾಲಿ ಕಿಟಕಿ ಕಂಡು ಕೇಳಿದಳು. ಊರಿಗೆಲ್ಲ ಡಾಕ್ಟರಾದರೇನು, ಈ ಮನೆಯಲ್ಲಿ ಆಕೆ ಬರೀ ಪುಟ್ಟಿ. ಅಕ್ಕ ಹಾಲಿನ ಕ್ಯಾನು ತಿಕ್ಕುತ್ತ, ತಲೆ ಕೂಡ ಎತ್ತದೆ, "ಬಿಸಿಲು ಬಡೀತಿತ್ತು ಕಣೇ. ಕೆಟ್ಟೋದೀತು ಅಂತ ಹಾಲಿನ ಐಸ್ ಪೆಟ್ಟಿಗೇಲಿಟ್ಟೆ. ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದಳು. ಮದುವೆಯಾಗಿ ಬಂದಾಗಿನಿಂದ ಹಾಲು ಮಾರಿಕೊಂಡು ಬಂದವಳು. ತಣ್ಣಗಿಟ್ಟಿದ್ದು ಕೆಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪುಟ್ಟಿ ಓಡಿದಳು. ಟ್ಯೂಬುಗಳು ಐಸಿನಲ್ಲಿ ಹೂತುಹೋಗಿದ್ದವು, ಮುಟ್ಟಿದರೆ ಬೆರಳು ಕೊರೆಯುತ್ತಿತ್ತು. ಬೇರೆ ಹೆಚ್ಚಿನ ಪರೀಕ್ಷೆಗಳಿಗಾದರೆ ರಕ್ತವನ್ನು ಹೀಗೇ ತಣ್ಣಗಿಡಬೇಕಿತ್ತು. ಅವಳೇ ಎಷ್ಟು ಸಲ ಇಟ್ಟಿಲ್ಲ! ಈ ಹೊಸ ಪರೀಕ್ಷೆಗೆ ಮಾತ್ರ ತಣ್ಣಗಾದರೆ ಕೆಟ್ಟಿತು.

ಹಿಂದೆ ಪುಟ್ಟಿ ಪರೀಕ್ಷೆಗೆಂದು ಹಸುಗಳ ಕತ್ತಿನ ಚರ್ಮಕ್ಕೆ ಮದ್ದು ಚುಚ್ಚಿ, ಮೂರನೇ ದಿನ ಬಂದು ನೋಡಿದಾಗ ಈ ಕೊಟ್ಟಿಗೆಯ ನಾಲ್ಕು ಹಸುಗಳಿಗೆ ಊತ ಬಂದಿತ್ತು. ಕ್ಷಯ, ಹಸಿ ಹಾಲಿನಿಂದ ಮನುಷ್ಯರಿಗೂ ಹತ್ತುವ ರೋಗ. ಲಾರಿ ಬಂದು ನಾಲ್ಕನ್ನೂ ಒಯ್ದಿತು. ಅಕ್ಕ ಅವತ್ತು ಊಟ ಮುಟ್ಟಲಿಲ್ಲ. ಊದದೆ ಉಳಿದವಳು ಯಜಮಾನಿ ಒಬ್ಬಳೇ. ಕೊಟ್ಟಿಗೆಗೇ ಹಿರಿಯಳು, ಮೇವು ಮೊದಲು ತನ್ನ ಮುಂದೆ ಬೀಳದಿದ್ದರೆ ಗೂಟ ಕಿತ್ತುಹಾಕುವಷ್ಟು ಗತ್ತಿನ ಹಸು. ಆದರೆ ಆಗಷ್ಟೇ ಕರು ಹಾಕಿದ್ದಳು. ಅಂಥ ಹಸುಗಳ ಚರ್ಮ ಒಮ್ಮೊಮ್ಮೆ ರೋಗವಿದ್ದರೂ ಊದದೆ ಸುಮ್ಮನಿದ್ದುಬಿಡುತ್ತದೆ. ಪುಟ್ಟಿಗೆ ನಿದ್ದೆ ಕೆಟ್ಟಿದ್ದು, ಇವತ್ತು ಯಜಮಾನಿಯ ರಕ್ತ ತೆಗೆದಿದ್ದು ಅದಕ್ಕೇ. ಯಜಮಾನಿಯ ನೊರೆಹಾಲನ್ನು ಕಾಯಿಸದೆ ಕುಡಿಯುತ್ತಿದ್ದದ್ದು ಅಕ್ಕನ ಮೊಮ್ಮಗಳು. ಕಾಯಿಸಮ್ಮಾ ಎಂದರೆ, ಸತ್ವ ಹೋಗತ್ತೆ ಎಂದು ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

"ರಕ್ತ ಸತ್ತೇಹೋಯ್ತಲ್ಲೇ ಅಕ್ಕ!"

"ಅಯ್ಯೋ, ರಕ್ತಕ್ಕೂ ಸಾವು ಬದುಕು ಇರತ್ತಾ?"

"ಇರತ್ತೆ. ಲ್ಯಾಬಲ್ಲಿ ಇದಕ್ಕೆ ರೋಗದ ಒಂದು ತುಣುಕು ತೋರಿಸ್ತಾರೆ. ಒಳಗೆ ರೋಗ ಇದ್ರೆ, ಹಳೇ ಶತ್ರೂನ ಕಂಡ ಹಾಗೆ ರೇಗತ್ತೆ. ಜೀವಾನೇ ಇಲ್ಲದಿದ್ರೆ ಎಲ್ಲಿಂದ ರೇಗತ್ತೆ?"

ಕ್ಯಾನು ತಿಕ್ಕುತ್ತಿದ್ದ ಅಕ್ಕನ ಕೈ ನಿಂತಿತು. "ರೇಗದಿದ್ರೆ?"

"ರೋಗ ಇದ್ರೂ ಇಲ್ಲ ಅಂತ ಬರಬಹುದು."

ಯಾಕಾದರೂ ಹೇಳಿದೆನೋ ಎಂದು ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಇದನ್ನೇ ಕೊಟ್ಟು ಕಳಿಸಮ್ಮ. ದೇವರೇ ಅವಳ ಕೈಲಿ ಇಡಿಸಿದ ಅಂದ್ಕೊ."

ಹೊರಗೆ ಲ್ಯಾಬಿನ ವ್ಯಾನು ಹಾರನ್ ಹೊಡೆಯಿತು. ಸಂಜೆಯೊಳಗೆ ರಕ್ತ ಅಲ್ಲಿಗೆ ಮುಟ್ಟಬೇಕು.

"ಇನ್ನೊಂದ್ಸಲ ತೆಗೆದುಬಿಡ್ತೀನಿ ಅಕ್ಕ. ಒಂದೇ ನಿಮಿಷ."

"ಮುಟ್ಟು ನೋಡೋಣ!" ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಾಲ್ಕನ್ನ ಲಾರಿ ಹತ್ತಿಸ್ದೆ, ಹೊಟ್ಟೆಗೆ ಕಲ್ಲು ಕಟ್ಕೊಂಡು ಸುಮ್ನಿದ್ದೆ. ಇವಳಿಗೆ ಏನೂ ಇಲ್ಲ ಅಂದೋಳೂ ನೀನೇ. ಈಗ ಅದೂ ಸುಳ್ಳಾ? ಒಂದನ್ನಾದ್ರೂ ಬಿಡೇ! ನೀನು ತಂಗಿಯಲ್ಲ, ಶನಿ!"

ಪುಟ್ಟಿಗೆ ಅಳುವೂ ಬಂತು, ಸಿಟ್ಟೂ ಬಂತು. ಇದೇ ಅಕ್ಕ ಹಾಲು ಮಾರಿ ಅವಳನ್ನು ಓದಿಸಿದ್ದು. ಈ ಟ್ಯೂಬುಗಳನ್ನೇ ಕೊಟ್ಟುಬಿಟ್ಟರೆ ಯಾರು ಕೇಳುತ್ತಾರೆ? ಯಜಮಾನಿ ಉಳಿಯುತ್ತಾಳೆ, ಅಕ್ಕನ ಮುಖದಲ್ಲಿ ನಗು ಕಾಣುತ್ತದೆ. ಸುಳ್ಳೇಕೆ, ಅವಳಿಗೂ ಆಸೆಯಾಯಿತು.

ಟ್ಯೂಬುಗಳನ್ನು ಒರೆಸಿ ಅಕ್ಕನ ಕೈಯಲ್ಲೇ ಇಟ್ಟಳು. "ತಗೋ. ವ್ಯಾನಿಗೆ ನೀನೇ ಕೊಡು. ಮಗೂಗೆ ಹಾಲೂ ನೀನೇ ಕೊಡು. ನನ್ನ ಕೈಲಾಗಲ್ಲ."

ಮತ್ತೆ ಹಾರನ್. ಒಳಗೆ ಮೊಮ್ಮಗಳು ಲೋಟ ಕುಟ್ಟುತ್ತ, "ಅಜ್ಜೀ, ಹಾಲೂ!" ಎಂದು ಕೂಗಿದಳು.

"ಬಂದೇ ಕಂದಾ," ಎಂದ ಅಕ್ಕ ಹೋಗಲಿಲ್ಲ. ಕೈಯಲ್ಲಿದ್ದ ಟ್ಯೂಬುಗಳನ್ನೇ ನೋಡುತ್ತ ನಿಂತಳು. ಭಾವ ಏನೋ ಹೇಳಲು ಬಾಯಿ ತೆರೆದರು.

"ನೀವು ಸುಮ್ನಿರಿ. ಹೋಗಿ ವ್ಯಾನ್ ನಿಲ್ಲಿಸ್ರೀ," ಎಂದು ಗದರಿದಳು. ಟ್ಯೂಬುಗಳನ್ನು ಕಸದ ಡಬ್ಬಕ್ಕೆ ಹಾಕಿ, ಕೊಟ್ಟಿಗೆಗೆ ನಡೆದು, ಯಜಮಾನಿಯ ಕೊರಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. "ಏನೇ ನೋಡ್ತಾ ನಿಂತೆ? ಚುಚ್ಚು. ಮೆತ್ತಗೆ ಚುಚ್ಚೇ ತಾಯಿ, ನೋವಾಗತ್ತೆ ಅವಳಿಗೆ."

ಹೊಸ ಟ್ಯೂಬುಗಳು ಬೆಚ್ಚಗೆ ತುಂಬಿದವು. ಪುಟ್ಟಿ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವ್ಯಾನಿನತ್ತ ಓಡಿದಳು.

ತಿರುಗಿ ಬಂದಾಗ ಅಕ್ಕ ಬಚ್ಚಲ ಮೋರಿಯ ಹತ್ತಿರ ನಿಂತಿದ್ದಳು. ಮಗುವಿಗೆಂದು ಕರೆದಿಟ್ಟಿದ್ದ ಯಜಮಾನಿಯ ಹಾಲನ್ನು ಬಕೆಟ್ ಬಗ್ಗಿಸಿ ಸುರಿಯುತ್ತಿದ್ದಳು. ನೊರೆ ಮೋರಿಯ ಬಾಯಲ್ಲಿ ಸಿಕ್ಕಿಕೊಂಡು ನಿಂತಿತ್ತು. ದಿನಾ ಅವಳೇ ಕೂಗಿ ಹಾಲು ಹಾಕುತ್ತಿದ್ದ ಬೆಕ್ಕು ಬಾಲ ಎತ್ತಿಕೊಂಡು ಬಂತು. ಅಕ್ಕ ಕಾಲನ್ನು ನೆಲಕ್ಕೆ ಬಡಿದು ಅದನ್ನು ಓಡಿಸಿದಳು. ಅದು ದೂರ ಹೋಗಿ ಕೂತು, ಅವಳನ್ನೇ ನೋಡುತ್ತಿತ್ತು.