ಯಾರ ಅಪ್ಪಣೆ ಎನ್ನುವ ಆರ್ಡಿತ್

ಸೀಟ್ ಬೆಲ್ಟ್ ಬಿಗಿದುಕೊಳ್ಳದೆ ಆರ್ಡಿತ್ ಪೆಲ್ಕಿ ತನ್ನ ಜೀವಮಾನದಲ್ಲಿ ಒಂದು ಫರ್ಲಾಂಗು ದೂರವೂ ಗಾಡಿಯಲ್ಲಿ ಹೋದವಳಲ್ಲ. ಹಾಗೆಯೇ, ಎಲ್ಲರೂ ಬೆಲ್ಟ್ ಬಿಗಿದುಕೊಳ್ಳಲೇಬೇಕೆಂಬ ಮಸೂದೆ ರಾಜ್ಯದ ಶಾಸನಸಭೆಗೆ ಬಂದಾಗಲೆಲ್ಲ ಅದನ್ನು ವಿರೋಧಿಸಿ ಮಾತಾಡಲು ರಾಜಧಾನಿ ಕಾಂಕರ್ಡಿಗೆ ಓಡದೆ ಬಿಟ್ಟವಳೂ ಅಲ್ಲ. ಓಡುವುದೆಂದರೆ ತಮ್ಮ ಹೊಲಿಸನ ಪಿಕಪ್ಪಿನಲ್ಲಿ. ಹಿಮ ಬೀಳುತ್ತಿರಲಿ, ಬಿದ್ದ ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿರಲಿ, ಅವನ ಬೆಳಗಿನ ಕಾಫಿ ಮುಗಿಯುವ ಮುನ್ನವೇ ಆಕೆ ಬಂದು ಗಾಡಿಯಲ್ಲಿ ಕೂತು, ಬೆಲ್ಟ್ ಬಿಗಿದುಕೊಂಡು, ಹಾರ್ನ್ ಒತ್ತುತ್ತಿದ್ದಳು. ಅವನು ಕುಂಟುತ್ತ ಬಂದು ಸ್ಟೀರಿಂಗ್ ಹಿಡಿದು ಕೂತ ಮೇಲೆ ನಡೆಯುತ್ತಿದ್ದ ಸಂಭಾಷಣೆ ಒಂದೇ.

“ಹಾಕ್ಕೋ ಬೆಲ್ಟು.”

“ಅಲ್ಲಕ್ಕಾ, ಇದು ಬೇಡ ಅಂತ ಹೇಳೋಕೆ ತಾನೇ ನಾವೀಗ ಹೊರಟಿರೋದು?”

“ಬೇಡ ಅಂತ ಯಾರಂದ್ರು? ಹಾಕ್ಕೊಳ್ಳೋದು ಬೇರೆ, ಹಾಕಿಸೋದು ಬೇರೆ.”

“ಈಗ ನೀನು ಹಾಕಿಸ್ತಾ ಇದೀಯಲ್ಲ.”

“ನಾನು ಸರಕಾರ ಅಲ್ಲ, ನಿನ್ನ ಅಕ್ಕ. ಹಾಕ್ಕೋ.”

ಹೊಲಿಸ್ ಹಾಕಿಕೊಳ್ಳುತ್ತಿದ್ದ. ಈ ಅಕ್ಕನ ತಮ್ಮನಾಗಿ ಹುಟ್ಟಿದ್ದಕ್ಕೆ ಯಾವ ಜನ್ಮದ ಪಾಪ ಕಾರಣವೋ ಎಂದು ಅವನು ನಮ್ಮೆದುರು ಎಷ್ಟೋ ಸಲ ಹೇಳಿಕೊಂಡದ್ದುಂಟು, ಮತ್ತು ನಮ್ಮೂರು ಹ್ಯಾರೊಬಿಯಲ್ಲಿ ಅದಕ್ಕೆ ತಲೆಯಾಡಿಸದವರು ಯಾರೂ ಇರಲಿಲ್ಲ.

ಆಕೆಯ ನಡಿಗೆಯೇ ಒಂದು ವಾದದಂತಿತ್ತು. ಗಾಳಿಯಿಲ್ಲದ ದಿನವೂ ಎದುರುಗಾಳಿಯನ್ನು ಸೀಳಿಕೊಂಡು ಹೋಗುವವಳ ಹಾಗೆ ಮುಂದಕ್ಕೆ ಬಾಗಿ, ಗದ್ದವನ್ನು ಮುಂದಿಟ್ಟು ನಡೆಯುತ್ತಿದ್ದಳು. ತೀರಿಹೋದ ಗಂಡನ ಬೇಟೆಯ ಕೋಟು, ಕೆಂಪು ಕಪ್ಪು ಚೌಕಳಿಯ ದಪ್ಪ ಉಣ್ಣೆಯದು, ಮೊಣಕಾಲಿನವರೆಗೂ ಇಳಿಬಿದ್ದಿರುತ್ತಿತ್ತು. ಅದರ ಬಲಜೇಬಿನಲ್ಲಿ ರಾಜ್ಯ ಸಂವಿಧಾನದ ಕಿರುಪ್ರತಿ, ಎಡಜೇಬಿನಲ್ಲಿ ಪುದೀನ ಪೆಪ್ಪರಮಿಂಟು. ಪೆಪ್ಪರಮಿಂಟನ್ನು ಯಾರಿಗೂ ಕೊಡುತ್ತಿರಲಿಲ್ಲ, ಸಂವಿಧಾನವನ್ನು ಕೇಳದವರಿಗೂ ಓದಿ ಹೇಳುತ್ತಿದ್ದಳು. ಯಾವ ನಿಯಮದ ಹೆಸರೆತ್ತಿದರೂ ಆಕೆಯ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ: “ಯಾರ ಅಪ್ಪಣೆ?” ಕ್ಷೌರಿಕನಿಗೆ ಪರವಾನಗಿ ಬೇಕಂತೆ ಅಂದರೆ, ಯಾರ ಅಪ್ಪಣೆ? ಹಿತ್ತಲಲ್ಲಿ ಕೋಳಿ ಸಾಕಬಾರದಂತೆ ಅಂದರೆ, ಯಾರ ಅಪ್ಪಣೆ? ಚರ್ಚಿನಲ್ಲಿ ಪಾದ್ರಿ ಎಲ್ಲರೂ ಎದ್ದು ನಿಲ್ಲಿ ಎಂದಾಗಲೂ ಆಕೆಯ ತುಟಿ ಅದೇ ಮಾತಿಗೆ ಅಲುಗಿದ್ದನ್ನು ತಾನು ಕಣ್ಣಾರೆ ಕಂಡೆನೆಂದು ಹೊಲಿಸ್ ಆಣೆಯಿಟ್ಟು ಹೇಳುತ್ತಾನೆ.

ಇನ್ನೊಂದು ಹಟವಿತ್ತು. ಬಿಟ್ಟಿಯಾಗಿ ಬಂದದ್ದನ್ನು ಆಕೆ ಮುಟ್ಟುತ್ತಿರಲಿಲ್ಲ. ಬ್ಯಾಂಕು ಹೊಸವರ್ಷಕ್ಕೆ ಹಂಚುವ ಕ್ಯಾಲೆಂಡರು ಬೇಡ. ಅಂಗಡಿಯಲ್ಲಿ ರುಚಿ ನೋಡಲು ಕೊಡುವ ಚೂರು ಚೀಸಿಗೂ ಗಲ್ಲಾದ ಮೇಲೆ ನಾಣ್ಯ ಇಟ್ಟು ಬರುತ್ತಿದ್ದಳು. ಪ್ರತಿ ಭಾನುವಾರ ತಮ್ಮನ ಮನೆಯ ಊಟಕ್ಕೆ ಬಂದವಳು ಒಂದು ತೋಳುಹೊರೆ ಸೌದೆಯನ್ನಾದರೂ ಇಳಿಸದೆ ಕೂರುತ್ತಿರಲಿಲ್ಲ. ಹೊಲಿಸನ ಹೆಂಡತಿ ಓಡೆಟ್, ಉತ್ತರದ ಗಡಿಯಾಚೆಯಿಂದ ಬಂದ, ಫ್ರೆಂಚ್ ಮಾತಾಡುವ ಮನೆತನದ ಹೆಣ್ಣು, ಬಂದವರ ತಟ್ಟೆ ತುಂಬಿಸದಿದ್ದರೆ ನಿದ್ದೆ ಬಾರದವಳು. ಆ ಸೌದೆಯನ್ನು ಕಂಡಾಗಲೆಲ್ಲ ಅವಳ ಮುಖ ಸಣ್ಣಗಾಗುತ್ತಿತ್ತು. “ನಾನೇನು ಹೋಟೆಲ್ ಇಟ್ಟಿದೀನಾ?” ಎಂದು ಗಂಡನಲ್ಲಿ ಗೊಣಗುತ್ತಿದ್ದಳು. ಅವನೇನು ಮಾಡಿಯಾನು? ಸೌದೆಯನ್ನು ಒಲೆಗೆ ಹಾಕುತ್ತಿದ್ದ.

ನಮ್ಮ ರಾಜ್ಯದಲ್ಲಿ ಮಸೂದೆ ಎಷ್ಟೇ ಹುಚ್ಚಿನದಾಗಿರಲಿ, ಅದಕ್ಕೊಂದು ಬಹಿರಂಗ ವಿಚಾರಣೆ ಆಗಲೇಬೇಕು, ಆ ವಿಚಾರಣೆಯಲ್ಲಿ ಬೀದಿಯಲ್ಲಿ ಹೋಗುವವನೂ ಬಂದು ನಾಲ್ಕು ಮಾತಾಡಬಹುದು. ಈ ಪುರಾತನ ಸೌಜನ್ಯ ಆರ್ಡಿತ್‌ಳಂಥವರಿಗಾಗಿಯೇ ಹುಟ್ಟಿದ್ದೋ, ಅಥವಾ ಅದರಿಂದಾಗಿ ಆರ್ಡಿತ್‌ಳಂಥವರು ಹುಟ್ಟುತ್ತಾರೋ ಹೇಳಲಾರೆ. ನಾನೂರು ಜನ ಶಾಸಕರು, ವರ್ಷಕ್ಕೆ ನೂರು ಡಾಲರ್ ಸಂಬಳ. ಆದ್ದರಿಂದ ಶಾಸಕನೆಂದರೆ ನಮಗೆ ಪಕ್ಕದ ಮನೆಯವನೇ. ಅವರಲ್ಲಿ ಹತ್ತಿಪ್ಪತ್ತು ಮಂದಿ ಮತ ಹಾಕುವ ಮುನ್ನ ಮೇಲಿನ ಗ್ಯಾಲರಿಯಲ್ಲಿ ಕೂತ ಚೌಕಳಿ ಕೋಟಿನ ಕಡೆಗೊಮ್ಮೆ ನೋಡುತ್ತಿದ್ದರು. ಅವರನ್ನು ಗೆಲ್ಲಿಸಿದ್ದು ಆಕೆಯ ಗುಂಪು. ಆ ಗುಂಪು ರೈತಸಂಘದ ಹಳೆಯ ಸಭಾಂಗಣದಲ್ಲಿ ಸೇರುತ್ತಿತ್ತು: ಒಂದು ಕಡೆ, ತೆರಿಗೆಯೆಂದರೆ ಉರಿದುಬೀಳುವ, ಪಕ್ಕದವರ ಮನೆಯಲ್ಲಿ ಯಾರು ಯಾರೊಡನೆ ಮಲಗುತ್ತಾರೆಂಬುದನ್ನು ಮಾತ್ರ ಸರಕಾರ ನೋಡಿಕೊಳ್ಳಲಿ ಎನ್ನುವ ಚರ್ಚಿನ ಹಿರಿಯರು, ಇನ್ನೊಂದು ಕಡೆ, ಸ್ವಾತಂತ್ರ್ಯ ಅರಸಿ ಎಲ್ಲೆಲ್ಲಿಂದಲೋ ವಲಸೆ ಬಂದ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ, ರಸ್ತೆಗೇಕೆ ಸರಕಾರ ಎಂದು ಕೇಳುವ ಗಡ್ಡದ ತರುಣರು. ಹಿರಿಯರಿಗೆ ಆಕೆ, “ನಿಮಗೆ ಸರಕಾರ ಬೇಡದೇ ಇಲ್ಲ, ನಿಮ್ಮ ಜೇಬಿಗೆ ಮಾತ್ರ ಬೇಡ,” ಅನ್ನುವಳು. ತರುಣರಿಗೆ, “ಯಾರೂ ಹೇಳದೇನೇ ಎಲ್ಲಾ ನಡೆಯತ್ತೆ ಅಂತೀರಲ್ಲ, ಸಭೆ ಮುಗಿದ ಮೇಲೆ ಕುರ್ಚಿ ಯಾಕಪ್ಪಾ ಯಾರೂ ಮಡಿಸಲ್ಲ?” ಅನ್ನುವಳು. ಕೊನೆಗೆ ಅಷ್ಟೂ ಕುರ್ಚಿಗಳನ್ನು ಆಕೆಯೂ ಹೊಲಿಸನೂ ಮಡಿಸಿ ಗೋಡೆಗೆ ಒರಗಿಸಿ ಬರುತ್ತಿದ್ದರು.

ಇಷ್ಟೆಲ್ಲವನ್ನೂ ಊರು ಸಹಿಸಿಕೊಂಡಿತ್ತು, ನಗುತ್ತಲೂ ಇತ್ತು. ನಗು ನಿಂತದ್ದು ಓಡೆಟ್‌ಳ ಪೈಗಳ ವಿಷಯದಲ್ಲಿ.

ಹೊಲಿಸ್ ಮರ ಕಡಿಯುವ ಕೆಲಸದವನು. ಒಂದು ಬೀಚ್ ಮರ ಅವನೆಣಿಸಿದ ಕಡೆಗೆ ಬೀಳದೆ ಅವನ ಕಾಲಿನ ಮೇಲೆಯೇ ಬಿತ್ತು. ಅಂದಿನಿಂದ ಆ ಮನೆ ನಡೆದದ್ದು ಓಡೆಟ್ ತನ್ನ ಅಜ್ಜಿಯಿಂದ ಕಲಿತ, ಕಣಕದೊಳಗೆ ತುಂಬಿ ಬೇಯಿಸುವ ಹಂದಿಮಾಂಸದ ಪೈಗಳಿಂದ. ಲವಂಗ, ದಾಲ್ಚಿನ್ನಿ ಬೆರೆತ ಆ ವಾಸನೆಗೆ ಶನಿವಾರ ಬೆಳಿಗ್ಗೆ ಅವಳ ಅಡಿಗೆಮನೆಯ ಬಾಗಿಲಲ್ಲಿ ಅರ್ಧ ಊರು ನಿಂತಿರುತ್ತಿತ್ತು. ಸಾಲಿನಲ್ಲಿ ಮೊದಲಿಗಳು ಆರ್ಡಿತ್, ಕೈಯಲ್ಲಿ ಸರಿಯಾದ ಚಿಲ್ಲರೆ. ಆಮೇಲೊಂದು ದಿನ ತಪಾಸಣೆಯವರು ಬಂದರು. ಮನೆಯ ಒಲೆಯಲ್ಲಿ ಮಾಂಸದ ಪದಾರ್ಥ ಬೇಯಿಸಿ ಮಾರಬೇಕಾದರೆ ಬೇರೆ ಅಡಿಗೆಮನೆ, ಪಾತ್ರೆ ತೊಳೆಯಲು ಬೇರೆ ತೊಟ್ಟಿ, ಪರವಾನಗಿ ಎಲ್ಲ ಬೇಕೆಂದು ಮೆತ್ತಗೆಯೇ ಹೇಳಿ, ಮಾರುವುದನ್ನು ನಿಲ್ಲಿಸಿ ಹೋದರು. ಬೇರೆ ಅಡಿಗೆಮನೆ ಕಟ್ಟಿಸುವ ಶಕ್ತಿಯಿದ್ದವರು ಪೈ ಮಾರಿ ಬದುಕಬೇಕೇ?

“ಯಾರ ಅಪ್ಪಣೆ?” ಅಂದಳು ಆರ್ಡಿತ್. ಒಮ್ಮೆಯಾದರೂ ಆ ಮಾತು ಕೇಳಿ ಓಡೆಟ್‌ಳಿಗೆ ಸಮಾಧಾನವಾಯಿತು.

ಆ ಚಳಿಗಾಲವಿಡೀ ಆಕೆ ದುಡಿದ ಪರಿಯನ್ನು ಶತ್ರುವೂ ಮೆಚ್ಚಬೇಕು. ನಮ್ಮೂರಿನ ಶಾಸಕ ವೆಂಡೆಲ್ ಹಾಯ್ಟ್, ಗರಗಸದ ಯಂತ್ರ ರಿಪೇರಿ ಮಾಡಿಕೊಂಡಿರುವ ಸಾಧುಮನುಷ್ಯ, ಅವನ ಷೆಡ್ಡಿನಲ್ಲಿ ಕೂತು ಮಸೂದೆ ಬರೆಸಿದಳು: ಮನೆಯಲ್ಲಿ ಬೇಯಿಸಿದ್ದನ್ನು ನೆರೆಯವರಿಗೆ ಮಾರಲು ಯಾರ ಅನುಮತಿಯೂ ಬೇಡ. ಮೊಣಕಾಲುದ್ದ ಹಿಮದಲ್ಲಿ ಬಾಗಿಲಿಂದ ಬಾಗಿಲಿಗೆ ಹೋದಳು, ಪಾದ್ರಿಯನ್ನೂ ಪಿಸ್ತೂಲಿನವನನ್ನೂ ಒಂದೇ ಗಾಡಿಗೆ ತುಂಬಿದಳು. ವಿಚಾರಣೆಯ ದಿನ ಓಡೆಟ್ ರುಚಿ ನೋಡಲೆಂದು ಶಾಸಕರ ಸಮಿತಿಗೆ ಪೈ ಒಯ್ದಿದ್ದಳು. ಕೊಡುವುದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ, ಮಾರುವುದಕ್ಕೆ ಮಾತ್ರ. ಎಲ್ಲರೂ ತಿಂದರು. ಆರ್ಡಿತ್ ತನ್ನ ತುಂಡನ್ನು ಮುಟ್ಟುವ ಮುನ್ನ ಎಂದಿನಂತೆ ತಟ್ಟೆಯ ಪಕ್ಕಕ್ಕೆ ದುಡ್ಡಿಟ್ಟಳು.

ಅಧ್ಯಕ್ಷರು, ಟ್ರ್ಯಾಕ್ಟರ್ ಮಾರಿ ನಿವೃತ್ತರಾದ ಮುದುಕರು, ಕನ್ನಡಕದ ಮೇಲಿಂದ ನೋಡಿದರು. “ಆರ್ಡಿತ್, ಅದನ್ನ ಎತ್ತಿಟ್ಕೋ ತಾಯಿ. ನೀನು ದುಡ್ಡು ಕೊಟ್ರೆ ಅದು ವ್ಯಾಪಾರ ಆಗತ್ತೆ, ನಾನು ಓಡೆಟ್‌ನ ಇಲ್ಲೇ ಹಿಡಿಸಬೇಕಾಗತ್ತೆ.”

ಕೋಣೆಯೆಲ್ಲ ನಕ್ಕಿತು. ಆಕೆ ದುಡ್ಡನ್ನು ಜೇಬಿಗೆ ಹಾಕಿಕೊಂಡಳು, ಪೈಯನ್ನು ತಿನ್ನಲಿಲ್ಲ.

ಮಸೂದೆ ಗೆದ್ದಂತೆಯೇ ಇತ್ತು. ಎದುರು ಪಕ್ಷದವರನ್ನೂ ಒಲಿಸಿಕೊಳ್ಳಲು ಸಮಿತಿ ಒಂದೇ ಒಂದು ಸಾಲು ಸೇರಿಸಿತು: ಮಾರುವವರು ತಮ್ಮ ಹೆಸರನ್ನು ಊರಿನ ಕಚೇರಿಯಲ್ಲಿ ಒಮ್ಮೆ ಬರೆಸಿರಬೇಕು. ಶುಲ್ಕವಿಲ್ಲ, ತಪಾಸಣೆಯಿಲ್ಲ. ಬರೀ ಹೆಸರು. ವೆಂಡೆಲ್ ಓಡೋಡಿ ಬಂದು ಓಡೆಟ್‌ಳ ಕೈಕುಲುಕಿದ; ಹೊಲಿಸ್ ಎಷ್ಟೋ ಕಾಲದ ಮೇಲೆ ಹಗುರಾಗಿ ಉಸಿರು ಬಿಟ್ಟ. ಆಗ ಪಕ್ಕದಲ್ಲಿ ಉಣ್ಣೆಯ ಕೋಟು ಎದ್ದು ನಿಂತಿತು.

“ಹೆಸರು ಬರೆಸದೇ ಇದ್ರೆ?” ಎಂದು ಕೇಳಿದಳು ಆರ್ಡಿತ್.

“ಬರೆಸದೇ ಇದ್ರೆ ಮಾರೋ ಹಾಗಿಲ್ಲ,” ಅಂದರು ಅಧ್ಯಕ್ಷರು.

“ಹಾಗಾದ್ರೆ ಇದು ಅಪ್ಪಣೇನೇ. ಬಿಟ್ಟಿ ಅಪ್ಪಣೆ. ನಾನು ಬೇಡಿದ್ದು ಅಪ್ಪಣೆ ಅಲ್ಲ, ಅಪ್ಪಣೆ ಬೇಡ ಅಂತ. ಈ ಮಸೂದೇನ ನಾನು ವಿರೋಧಿಸ್ತೀನಿ.”

ಹೊಲಿಸ್ ಆ ಕೋಟಿನ ತುದಿ ಹಿಡಿದು ಎಳೆದ. “ಅಕ್ಕಾ, ಕೂತ್ಕೋ. ನಿನ್ನ ಕಾಲಿಗೆ ಬೀಳ್ತೀನಿ, ಕೂತ್ಕೋ.”

“ಇವತ್ತು ಹೆಸರು ಕೇಳ್ತಾರೆ ಕಣೋ, ನಾಳೆ ಒಲೆ ನೋಡ್ತೀವಿ ಅಂತಾರೆ,” ಅಂದಳು, ಕೂರದೆ.

ಅದೂ ಸುಳ್ಳಲ್ಲ, ಹಾಳಾಗಲಿ. ಆಕೆಯ ಮಾತಿನಲ್ಲಿ ಸುಳ್ಳು ಸಿಕ್ಕಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು. ಮತದ ದಿನ ಆ ಹತ್ತಿಪ್ಪತ್ತು ಮಂದಿ ಗ್ಯಾಲರಿಯತ್ತ ನೋಡಿದರು, ಚೌಕಳಿ ಕೋಟು ಅಡ್ಡಡ್ಡ ತಲೆಯಾಡಿಸಿತು, ಮಸೂದೆ ಬಿತ್ತು. ಬೀಳಿಸಿದ್ದು ವೈರಿಗಳಲ್ಲ, ಅವರಲ್ಲೂ ಎಷ್ಟೋ ಜನ ಪೈಯ ರುಚಿ ನೆನೆದು ಪರವಾಗಿಯೇ ಮತದ ಗುಂಡಿ ಒತ್ತಿದ್ದರು. ಹಾಗೆ ಬಿದ್ದ ಮಸೂದೆ ಮುಂದಿನ ಚುನಾವಣೆ ಕಳೆಯುವವರೆಗೂ ಏಳುವಂತಿರಲಿಲ್ಲ. ಓಡೆಟ್ ಕೆಳಗಿನ ಮೊಗಸಾಲೆಯ ಬೆಂಚಿನ ಮೇಲೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕಾಯುತ್ತಿದ್ದಳು. ಗಂಡನ ಮುಖ ನೋಡಿಯೇ ಎದ್ದು ನಡೆದಳು.

ಪಿಕಪ್ಪಿನಲ್ಲಿ ಮೂವರೂ ಒತ್ತಿಕೊಂಡು ಕೂತರು, ಓಡೆಟ್ ನಡುವೆ. ಹೊಲಿಸ್ ಕೀಲಿ ತಿರುಗಿಸಿದ.

“ಓಡೆಟ್, ಬೆಲ್ಟ್ ಹಾಕ್ಕೋಮ್ಮ,” ಅಂದಳು ಆರ್ಡಿತ್.

ಓಡೆಟ್ ಗಾಜಿನಾಚೆಗೇ ನೋಡುತ್ತ ಕೇಳಿದಳು: “ಯಾರ ಅಪ್ಪಣೆ?”

ಓಡೆಟ್ ಬೆಲ್ಟನ್ನು ಮುಟ್ಟಲಿಲ್ಲ. ಮಂಜುಗಟ್ಟಿದ ಆ ತಿರುವುಗಳಲ್ಲಿ ಹೊಲಿಸ್ ನಡೆಸಿದಷ್ಟು ನಿಧಾನವಾಗಿ ಅಂದು ಯಾರೂ ಗಾಡಿ ನಡೆಸಿರಲಾರರು. ದಾರಿಯುದ್ದಕ್ಕೂ ಆರ್ಡಿತ್ ತನ್ನ ತೋಳನ್ನು ಓಡೆಟ್‌ಳ ಮುಂದೆ ಅಡ್ಡ ಚಾಚಿ, ಮುಟ್ಟದಂತೆ, ಗಾಳಿಯಲ್ಲೇ ಹಿಡಿದುಕೊಂಡು ಬಂದಳು. ಹ್ಯಾರೊಬಿಯ ಸೇತುವೆ ದಾಟಿದರೂ ಅದನ್ನು ಇಳಿಸಲಿಲ್ಲ.

ಶನಿವಾರ ಆಕೆ ಅಡಿಗೆಮನೆಯ ಬಾಗಿಲಿಗೆ ಬಂದಳು, ಅಭ್ಯಾಸದಂತೆ, ಸರಿಯಾದ ಚಿಲ್ಲರೆಯೊಂದಿಗೆ. ಸಾಲಿರಲಿಲ್ಲ. ಓಡೆಟ್ ಮನೆಮಂದಿಗೆಂದು ಮಾಡಿದ ಪೈಗಳಲ್ಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದು ಮುಂದೆ ಹಿಡಿದಳು. ಆರ್ಡಿತ್ ದುಡ್ಡು ಚಾಚಿದಳು.

“ಮಾರೋ ಹಾಗಿಲ್ಲ ಅಕ್ಕಾ, ಗೊತ್ತಲ್ಲ. ಕೊಡಬಹುದು. ತಗೊಳ್ಳಿ, ಬಿಟ್ಟಿ.”

ಆರ್ಡಿತ್ ಮೆಟ್ಟಿಲ ಬದಿಯಲ್ಲಿದ್ದ ಹಿಮದ ಸಲಿಕೆಯತ್ತ ಕಣ್ಣು ಹಾಯಿಸಿದಳು.

“ಅದನ್ನ ಮುಟ್ಟಬೇಡಿ. ಸೌದೇನೂ ಬೇಡ. ಕೆಲಸಕ್ಕೆ ಪೈ ಕೊಟ್ರೆ ಅದೂ ವ್ಯಾಪಾರವೇ. ಬೇಕಾದ್ರೆ ತಗೊಳ್ಳಿ, ಬೇಡವಾದ್ರೆ ಬಾಗಿಲು ಹಾಕ್ತೀನಿ, ಚಳಿ.”

ಒಳಗೆ ಮೇಜಿನ ಬಳಿ ಕೂತ ಹೊಲಿಸನಿಗೆ ಆಗ ಕಂಡದ್ದು ಆ ಚೌಕಳಿ ಕೋಟು ಮೊದಲ ಬಾರಿಗೆ ನೆಟ್ಟಗೆ ನಿಂತದ್ದು. ಎದುರುಗಾಳಿಯೇ ನಿಂತುಹೋದ ಹಾಗೆ ಆಕೆಗೆ ಎದುರಿಸಿ ಬಾಗಲು ಏನೂ ಇರಲಿಲ್ಲ. ಚಿಲ್ಲರೆ ಜೇಬಿಗೆ ಹೋಯಿತು. ಎರಡೂ ಕೈ ಮುಂದೆ ಬಂದವು. ಪೈ ತೆಗೆದುಕೊಂಡು, ಥ್ಯಾಂಕ್ಸ್ ಎಂದು ಹೇಳಲು ಬಾರದೆ, ತಲೆಯಾಡಿಸಿ ಹೋದಳು.

ಮುಂದಿನ ಶನಿವಾರ ಮತ್ತೆ ಬಂದಳು. ಅದರ ಮುಂದಿನದಕ್ಕೂ. ಬಾರದೆ ಇರಬಹುದಿತ್ತು, ಯಾರೂ ಕರೆದಿರಲಿಲ್ಲ. ಆದರೂ ಊರೆಲ್ಲ ನೋಡುವಂತೆ ಬಂದು, ಎರಡು ಕೈ ಚಾಚಿ, ಬಿಟ್ಟಿಯದನ್ನು ಪಡೆದು ಹೋಗುತ್ತಿದ್ದಳು. ಇದೇಕೆಂದು ಹೊಲಿಸನಿಗೆ ಹೊಳೆಯಿತು; ಓಡೆಟ್‌ಳಿಗೂ ಹೊಳೆದಾಗ ಅವಳು ಕೈಯಲ್ಲಿದ್ದ ಲಟ್ಟಣಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. “ನೋಡಿದ್ರಾ, ಇದಕ್ಕೂ ದುಡ್ಡು ಕೊಡ್ತಾ ಇದಾಳೆ ನಿಮ್ಮಕ್ಕ. ನಾಚಿಕೆ ತಂದು ಕೊಡ್ತಾ ಇದಾಳೆ, ಸರಿಯಾದ ಚಿಲ್ಲರೆ ಥರ.” ಬೈಯುತ್ತ ಬೈಯುತ್ತಲೇ ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಮನೆ ನಡೆಸಲು ಅವಳೀಗ ಪಕ್ಕದೂರಿನ ಶಾಲೆಯಲ್ಲಿ, ಸರಕಾರದ ಅಡಿಗೆಮನೆಯಲ್ಲಿ, ಪರವಾನಗಿಯ ಒಲೆಯ ಮುಂದೆ ನಿಲ್ಲುತ್ತಾಳೆ.

ಎಲ್ಲ ಊರುಗಳಲ್ಲೂ ಇಂಥವರು ಒಬ್ಬಿಬ್ಬರಿರುತ್ತಾರೆ. ಇವರನ್ನು ಕೊಳ್ಳಲಾಗುವುದಿಲ್ಲ, ಹೆದರಿಸಲಾಗುವುದಿಲ್ಲ, ಇವರ ಜೊತೆ ಒಂದು ಊಟವನ್ನೂ ನೆಮ್ಮದಿಯಾಗಿ ಉಣ್ಣಲಾಗುವುದಿಲ್ಲ. ಇವರಿಲ್ಲದಿದ್ದರೆ ನಮ್ಮ ಬೆನ್ನಿನ ಮೇಲೆ ಇನ್ನೆಷ್ಟು ಅಪ್ಪಣೆಗಳು ಬಂದು ಕೂರುತ್ತಿದ್ದವೋ ಎಂಬುದನ್ನೂ ಮನಸ್ಸಾಕ್ಷಿಯಿದ್ದವರು ಒಪ್ಪಬೇಕು. ತತ್ತ್ವಕ್ಕೆ ಬೆಲೆ ತೆರಬೇಕೆಂದು ಇವರು ಹೇಳುತ್ತಾರೆ, ತೆರುತ್ತಾರೆ ಕೂಡ, ಕಡೆಯ ಕಾಸಿನವರೆಗೂ. ಆದರೆ ಮೊದಲ ಕಂತು ಮಾತ್ರ ಯಾವಾಗಲೂ ಪಕ್ಕದ ಸೀಟಿನಲ್ಲಿ ಕೂತವರಿಂದ ವಸೂಲಾಗಿರುತ್ತದೆ, ಅವರ ಅಪ್ಪಣೆ ಕೇಳದೆ.