ನೀರಿನ ಸಂಘದ ಠರಾವು

ಐರಣಿಯ ನೀರಿನ ಸಂಘವನ್ನು ಫಕ್ಕೀರಪ್ಪ ಬಹಳ ವರ್ಷ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ. ಹೊಳೆಯಿಂದ ಎತ್ತಿದ ನೀರು ಯಾರ ಹೊಲಕ್ಕೆ ಹೋಗಬೇಕು, ಯಾರದಕ್ಕೆ ಹೋಗಬಾರದು ಎಂಬುದೆಲ್ಲ ಅವನು ಹೇಳಿದಂತೆ. ಎದುರು ಮಾತಾಡಿದ ಯೂಸುಫಸಾಬನನ್ನು ಪಂಪ್‌ಹೌಸಿನ ಮುಂದೆಯೇ ಹೊಡೆಸಿದ್ದ. ಮುರಿದ ಅವನ ಎಡಗೈ ಮತ್ತೆ ನೆಟ್ಟಗಾಗಲಿಲ್ಲ. ಕಡೆಗೆ ಇನ್ನೊಂದು ಹೊಡೆದಾಟದ ಕೇಸಿನಲ್ಲಿ ಫಕ್ಕೀರಪ್ಪ ಹಾವೇರಿ ಜೈಲು ಸೇರಿದಾಗ ಊರವರು ಸಂಘಕ್ಕೆ ಚುನಾವಣೆ ಮಾಡಿದರು. ಯೂಸುಫಸಾಬನ ಹೆಂಡತಿ ಹಾಜಿರಾಬಿ ಅಧ್ಯಕ್ಷೆಯಾದಳು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ಟ್ರ್ಯಾಕ್ಟರಿನಲ್ಲೇ ಕೂರಿಸಿ ಜನ ಆಕೆಯ ಮೆರವಣಿಗೆ ಮಾಡಿದರು.

ಆ ಖುಷಿ ಎರಡು ಬೆಳೆಗೂ ಉಳಿಯಲಿಲ್ಲ. ಸಭೆಯಲ್ಲಿ ಎಲ್ಲರೂ ಮಾತಾಡುವವರೇ, ಕಾಲುವೆಯ ಹೂಳು ತೆಗೆಯಲು ಯಾರೂ ಇಲ್ಲ. ಸುಟ್ಟ ಮೋಟಾರನ್ನು ಯಾವ ಅಂಗಡಿಗೆ ಕೊಡಬೇಕೆಂಬ ಜಗಳ ಮುಗಿಯುವಷ್ಟರಲ್ಲಿ ಕೊನೆಯ ಹೊಲಗಳ ಮೆಣಸಿನ ಗಿಡ ಬಾಡಿದ್ದವು. "ಅಂವ ಇದ್ದಾಗ ನೀರಾದ್ರೂ ಬರ್ತಿತ್ತು" ಎಂದು ಮೊದಲು ಅಂದವಳು ಪಕ್ಕದ ಮನೆಯ ಮುತ್ತವ್ವ. ಆಮೇಲೆ ಚಹಾದಂಗಡಿಯಲ್ಲೂ ಅದೇ ಮಾತು.

ಫಕ್ಕೀರಪ್ಪ ಬಿಡುಗಡೆಯಾದ ದಿನ ಯೂಸುಫಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ.

"ಎಲ್ಲಿಗ್ರಿ?" ಎಂದಳು ಹಾಜಿರಾಬಿ.

"ರಾಣೇಬೆನ್ನೂರ ಸ್ಟ್ಯಾಂಡಿಗೆ. ಅವ್ರನ್ನ ಕರಕೊಂಡು ಬರಾಕ ಎಲ್ಲಾರೂ ಹೊಂಟಾರ."

"ನಿಮ್ಮ ಕೈ ಮುರಿಸಿದಾಂವನ್ನ?"

"ನನ್ನ ಕೈ ಹೋತು, ಹೋಗ್ಲಿ. ಈಗ ಬೆಳಿ ಹೋಗಾಕತ್ತೈತಿ. ನೀ ಸುಮ್ನಿರು." ಅವನು ಆಕೆಯ ಮುಖ ನೋಡದೆ ಚಪ್ಪಲಿ ಮೆಟ್ಟಿದ.

ಮರುದಿನವೇ ಸಭೆ ಸೇರಿತು. ಇನ್ನು ಚುನಾವಣೆ ಬೇಡ, ಫಕ್ಕೀರಪ್ಪನವರೇ ಕಾಯಂ ಅಧ್ಯಕ್ಷರು ಎಂಬ ಠರಾವು.

"ಇವತ್ತ ಕೈ ಎತ್ತಿದ್ರ ಮುಂದ ಯಾವತ್ತೂ ನಿಮ್ಮನ್ನ ಕೇಳಂಗಿಲ್ರಿ" ಎಂದಳು ಹಾಜಿರಾಬಿ.

ಹಿಂದಿನಿಂದ ಯಾರೋ ನಕ್ಕರು. ಒಂದೊಂದಾಗಿ ಕೈಗಳು ಎದ್ದವು, ಯೂಸುಫಸಾಬನದೂ. ಯಾರ ಮುಖದಲ್ಲೂ ಅಂಜಿಕೆಯಿರಲಿಲ್ಲ. ಆಕೆ ಅಂಜಿದ್ದು ಅದಕ್ಕೇ.

ಫಕ್ಕೀರಪ್ಪ ಜೈಲಿನಲ್ಲಿ ಸೊರಗಿದ್ದ. ಕುರ್ಚಿಯಲ್ಲಿ ಕೂತೇ ಮೆತ್ತಗೆ ಕೇಳಿದ: "ಬ್ಯಾಡ ಅಂದವರು ಯಾರು? ನನಗ ಈಗ ಕಣ್ಣು ಅಷ್ಟ ಕಾಣಂಗಿಲ್ಲ."

ಮುತ್ತವ್ವ ಎದ್ದು ನಿಂತು, "ಹಾಜಿರಾಬಿ ಒಬ್ಬಾಕಿರಿ" ಎಂದಳು.

ಫಕ್ಕೀರಪ್ಪನ ಒಂದೇ ಮಾತಿಗೆ ಜನ ಹೂಳು ತೆಗೆದರು; ಆ ವಾರವೇ ಕಾಲುವೆ ತುಂಬಿ ಹರಿಯಿತು. ಜನ ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಹಾಜಿರಾಬಿಯ ಹೊಲದ ತೂಬಿಗೆ ಮಾತ್ರ ಹೊಸ ಬೀಗ ಬಿದ್ದಿತ್ತು. ಬದುವಿನ ಮೇಲೆ ನಿಂತಿದ್ದ ಆಕೆಯನ್ನು ಕಂಡೂ ಮುತ್ತವ್ವ ತಲೆ ತಗ್ಗಿಸಿ ದಾಟಿಹೋದಳು.

"ನಾಳೆ ಹೋಗಿ ಫಕ್ಕೀರಪ್ಪನವ್ರನ್ನ ಕೇಳ್ತೇನಿ" ಎಂದ ಯೂಸುಫಸಾಬ.

ಮರುದಿನ ಅವನು ಎಡಗೈ ನೀವಿಕೊಳ್ಳುತ್ತ ಕೂತ, ಮನೆಯಿಂದ ಹೊರಗೆ ಬರಲೇ ಇಲ್ಲ.